ರಾವೂರಿನ ಕರಗಿದ ಸ್ಫಟಿಕ

"ಕೈ ಹಾಕಬ್ಯಾಡ್ರಿ ಸಾಹೇಬ! ಅದರಾಗ ವಿಷ ಅದ ಅಂತಾರ."

ಜಮಾದಾರ ಮಜೀದಸಾಬ ಕೂಗಿಕೊಳ್ಳುವಷ್ಟರಲ್ಲಿ ಪೊಲೀಸ್ ಅಮೀನ ನಾಗೇಂದ್ರಪ್ಪನ ಕೈ ಹರವಿಯ ನೀರಿನೊಳಗೆ ಇಳಿದಾಗಿತ್ತು. ತಳ ತಡಕಾಡಿ, ಬೆರಳಿಗೆ ಸಿಕ್ಕದ್ದನ್ನು ಮೇಲೆತ್ತಿ ಬಿಸಿಲಿಗೆ ಹಿಡಿದ.

ಹಿಂದಿನ ಗುರುವಾರ ಇದೇ ಹರವಿಯ ನೀರು ಕುಡಿದ ಮೇಲೆ ಫರಸಿ ಹಾಸುಗಲ್ಲಿನ ಖಣಿಯ ಮೇಸ್ತ್ರಿ ಹಣಮಪ್ಪ ಸತ್ತಿದ್ದ. ವಿಷ ಹಾಕಿದವಳು ಇವಳೇ ಎಂದು ಊರವರೆಲ್ಲ ಬೂಬವ್ವ ಎನ್ನುವ ಮನೆಯೊಡತಿ ಜೈತುನ್‌ಬೀಯನ್ನು ನಾಗೇಂದ್ರಪ್ಪನೇ ಹಿಡಿದು ವಾಡಿ ಠಾಣೆಯ ಹವಾಲಾತಿನ ಕಂಬಿಯ ಹಿಂದೆ ತಳ್ಳಿದ್ದ.

ಅಂಗೈಯಲ್ಲಿದ್ದದ್ದು ಬಿಳಿಯ ಕಲ್ಲೇ. ಆದರೆ ಅವನಿಗೆ ಗೊತ್ತಿದ್ದ ಕಲ್ಲಲ್ಲ.

ಜೈತುನ್‌ಬೀಯ ಸ್ಫಟಿಕವನ್ನು ಕಾಣದವರು ಆ ಸೀಮೆಯಲ್ಲಿ ಕಡಿಮೆ. ಸೇಡಂನಿಂದ, ಚಿತ್ತಾಪುರದಿಂದ, ದೂರದ ಚಿಂಚೋಳಿಯಿಂದಲೂ ಜನ ಅದಕ್ಕಾಗಿ ರಾವೂರಿಗೆ ಬರುತ್ತಿದ್ದರು. ಮುಷ್ಟಿಗಾತ್ರದ ಕಲ್ಲು, ಆರು ಮುಖ, ತುದಿಯಲ್ಲಿ ಚೂಪು. ಅದು ಸದಾ ಹರವಿಯ ನೀರಿನಲ್ಲೇ ಇರುತ್ತಿತ್ತು; ಮಗುವಿಗೆ ಜ್ವರ ಏರಿದರೆ ಆ ನೀರು ಕುಡಿಸುವರು. ಕಣ್ಣುರಿ ಎಂದವರ ರೆಪ್ಪೆಯ ಮೇಲೆ ಅದನ್ನಿಡುವರು. ಹೆರಿಗೆ ಕಷ್ಟವಾದರೆ ಬಸುರಿಯ ಎಡಗೈಗೆ ಕೊಡುವರು. ಕೈಲಾಸದ ನೀರು ಹೆಪ್ಪುಗಟ್ಟಿ ಕಲ್ಲಾಗಿದೆ, ಅದರಲ್ಲಿರುವುದು ಶಿವನ ತಂಪು ಎಂದು ಮಠದ ಅಯ್ಯನವರು ಹೇಳುತ್ತಿದ್ದರು. ಬೆಳಕು ಒಳಗೆ ಹೋಗಿ ಕಲೆಯಿಲ್ಲದೆ ಹೊರಗೆ ಬರುತ್ತದೆ, ಮನುಷ್ಯನ ದಿಲ್ ಹಾಗಿರಬೇಕು ಎಂದು ಜೈತುನ್‌ಬೀಯ ಹಿರಿಯರು ಹೇಳಿದ್ದರಂತೆ.

ಇವೆಲ್ಲಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿತ್ತು. ಯಾರ ಮುಂದೆಯೂ ಆಡಲಾಗದ ಮಾತು ಎದೆಯಲ್ಲಿ ಕೂತಿದ್ದರೆ, ಒಬ್ಬರೇ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ಹೇಳುವುದು. ಆಗ ಜೈತುನ್‌ಬೀ ಮನೆ ಬಿಟ್ಟು ಬಾವಿಯ ಕಡೆ ಹೋಗಿಬಿಡುವಳು. ಕಲ್ಲು ಹಿಡಿದು ಸುಳ್ಳಾಡಿದರೆ ಅದು ಮಬ್ಬಾಗುತ್ತದೆಂದು ಎಲ್ಲರ ನಂಬಿಕೆ.

ಚಿಕ್ಕವನಿದ್ದಾಗ ನಾಗೇಂದ್ರಪ್ಪನಿಗೂ ವಿಷಮಜ್ವರ ಬಂದಿತ್ತು. ಹಣೆಯ ಮೇಲಿಟ್ಟ ಆ ಕಲ್ಲಿನ ಅಂಚುಗಳನ್ನು ಬೆರಳಲ್ಲಿ ಎಣಿಸುತ್ತಲೇ ಅವನು ನಿದ್ದೆ ಹೋಗಿದ್ದ.

ಈಗ ಕೈಯಲ್ಲಿದ್ದ ಕಲ್ಲಿಗೆ ಅಂಚೇ ಇರಲಿಲ್ಲ. ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆಯ ಹಾಗೆ ನುಣುಪಾಗಿ, ಲೋಳೆಯಾಗಿ, ಅರ್ಧ ಸವೆದುಹೋಗಿತ್ತು.

ಅವನು ಅದನ್ನು ನಾಲಗೆಗೆ ಮುಟ್ಟಿಸಿದ.

"ಯಾ ಅಲ್ಲಾ! ಸಾಹೇಬ!"

ಬಾಯೆಲ್ಲ ಒಗರಾಯಿತು. ನಾಗೇಂದ್ರಪ್ಪ ಪಕ್ಕಕ್ಕೆ ಉಗಿದು ಹೇಳಿದ, "ವಿಷ ಅಲ್ಲ, ಮಜೀದಸಾಬ. ಫಟಕಡಿ."

"ಫಟಕಡಿ ಅಂದ್ರ? ಹಜಾಮರು ಗಡ್ಡ ಮಾಡಿ ಹಚ್ಚತಾರಲ್ಲ, ಅದೇನ್ರಿ?"

"ಅದೇ. ಸ್ಫಟಿಕ ನೀರಾಗ ಕರಗಂಗಿಲ್ಲ. ಯಾರೋ ಆ ಕಲ್ಲು ಒಯ್ದು ಈ ಕಲ್ಲು ಇಟ್ಟಾರ."

ಮಜೀದಸಾಬ ಹರವಿಯನ್ನೊಮ್ಮೆ, ಅಮೀನನನ್ನೊಮ್ಮೆ ನೋಡಿದ. ಆ ನೋಟದ ಅರ್ಥ ನಾಗೇಂದ್ರಪ್ಪನಿಗೆ ತಿಳಿಯಿತು. ಇದನ್ನು ಗುರುವಾರವೇ ನೋಡಬೇಕಿತ್ತು. ಒಂದು ಸಲ ಕೈ ಹಾಕಿದ್ದರೆ ಸಾಕಾಗಿತ್ತು. ಅವನು ಒಂದು ಸೀಸೆಯಲ್ಲಿ ನೀರು ತುಂಬಿಸಿ ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿ, ಬಾಗಿಲಿಗೆ ಮುದ್ರೆ ಹಾಕಿ ಕೈತೊಳೆದುಕೊಂಡಿದ್ದ. ಅಂದು ಅವನಿಗೆ ಅವಸರವಿತ್ತು. ಮನೆಯ ಸುತ್ತ ಜನ ಸೇರಿ ಕಲ್ಲೆಸೆಯುತ್ತಿದ್ದರು. ಅವರನ್ನು ಸುಮ್ಮನಾಗಿಸಲು ಯಾರನ್ನಾದರೂ ಹಿಡಿದುಕೊಂಡು ಹೋಗಬೇಕಾಗಿತ್ತು.

ವಾಡಿಯ ಬಜಾರಿನಲ್ಲಿ ನಡೆಸಿಕೊಂಡು ಹೋಗುವಾಗ ಮುದುಕಿಯ ತಲೆಯ ಮೇಲಿನ ಓಢಣಿ ಜಾರಿ ಬಿದ್ದಿತ್ತು. ಅವಳು ಎತ್ತಿಕೊಳ್ಳಲು ಬಗ್ಗಿದಳು. "ನಡೀ, ನಡೀ" ಎಂದವನು ನಾಗೇಂದ್ರಪ್ಪನೇ. ಅವಳು ನೆಟ್ಟಗಾಗಿ, ಬರೀ ತಲೆಯಲ್ಲಿ, ಅಷ್ಟು ಜನರ ನಡುವೆ ಠಾಣೆಯವರೆಗೆ ನಡೆದಳು. ಆ ಎರಡು ಮಾತು ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ಕಲ್ಲನ್ನು ಹೊರಳಿಸಿದ. ನಡುವೆ ಒಂದು ತೂತು. ತೂತಿನ ಸುತ್ತ ತುಕ್ಕಿನ ಕೆಂಪು.

ತಂತಿಗೆ ಪೋಣಿಸಿದ ಫಟಕಡಿಯನ್ನು ನಾಗೇಂದ್ರಪ್ಪ ಒಂದೇ ಕಡೆ ಕಂಡಿದ್ದ. ಖಣಿಯ ಹೊಂಡದ ನೀರು ಸುಣ್ಣದ ಧೂಳಿನಿಂದ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಅದು ತಿಳಿಯಾಗಲೆಂದು ಪೀಪಾಯಿಗಳಲ್ಲಿ ಫಟಕಡಿಯನ್ನು ತಂತಿಯಲ್ಲಿ ತೂಗುಬಿಡುತ್ತಾರೆ. ಮೂರು ದಿನದ ಹಿಂದಷ್ಟೇ, ಹಣಮಪ್ಪನ ಜೊತೆಯವರನ್ನು ವಿಚಾರಿಸಲು ಹೋದಾಗ, ಅಂಥದೇ ಒಂದು ಪೀಪಾಯಿಯ ನೀರಿನಲ್ಲಿ ಅವನು ಮುಖ ತೊಳೆದುಕೊಂಡಿದ್ದ.

ಆ ಖಣಿ ಅವನ ಅಕ್ಕನ ಗಂಡ ಕಲ್ಯಾಣಪ್ಪನದು.

ಪಕ್ಕದ ಗೋಡೆಯಾಚೆ ಆಡೊಂದು ಅರಚಿತು. ಅದನ್ನು ಗದರಿಸುತ್ತ ನೆರೆಮನೆಯ ಹಸೀನಾಬೇಗಂ ಇಣುಕಿ, ಪೊಲೀಸರನ್ನು ಕಂಡು ತಟ್ಟನೆ ಮುಖ ಹಿಂದಕ್ಕೆಳೆದುಕೊಂಡಳು.

"ಹಸೀನಾಬೇಗಂ, ನಿಲ್ರಿ. ಒಂದು ಮಾತು ಕೇಳೋದದ."

"ನಂಗೇನೂ ಗೊತ್ತಿಲ್ರಿ ಅಮೀನಸಾಬ."

"ಗುರುವಾರ ಹಣಮಪ್ಪ ಬಂದಾಗ ಹೆಂಗಿದ್ದ? ಅಷ್ಟು ಹೇಳ್ರಿ."

ಅವಳು ಜಮಾದಾರನ ಮುಖ ನೋಡಿದಳು. ಮಜೀದಸಾಬ ತಲೆಯಾಡಿಸಿದ.

"ಓಲಾಡಿಕೋತ ಬಂದ್ರಿ. ಮೈ ಕೆಂಡ ಆಗಿತ್ತು. ಬಾಯಿ ಒಣಗೇದ, ಬೂಬವ್ವಾ, ಕಲ್ಲಿನ ನೀರು ಕೊಡು ಅಂದ. ಕಣ್ಣು ಹಿಂಗ ದೊಡ್ಡವಾಗಿದ್ವು. ಯಾರೋ ಎದುರಿಗೆ ನಿಂತಂಗ ಮಾತಾಡ್ತಿದ್ದ. 'ನೀರಾಗಿಂದ ಏಳಬ್ಯಾಡೋ, ಏಳಬ್ಯಾಡೋ' ಅಂತಿದ್ದ."

"ಇದು ನೀರು ಕುಡಿಯೋಕಿಂತ ಮೊದಲಾ?"

"ಮೊದಲೇರಿ. ಕುಡಿದದ್ದರ ಎಷ್ಟು? ಎರಡು ಗುಟುಕು. ಒಗರು ಅಂತ ಬೋಗುಣಿ ತಳ್ಳಿಬಿಟ್ಟ. ಉಳಿದದ್ದು ನಮ್ಮ ಆಡು ಕುಡೀತು."

"ಯಾವ ಆಡು?"

"ಇದೇರಿ, ಒದರಾಕತ್ತದಲ್ಲ."

ಮುಂಜಾನೆಯಷ್ಟೇ ಹೆಣ ಪರೀಕ್ಷಿಸಿದ ಡಾಕ್ಟರು ಹೇಳಿಕೆ ಕಳಿಸಿದ್ದರು: ಹೊಟ್ಟೆಯಲ್ಲಿ ದತ್ತೂರಿ ಬೀಜದ ಪುಡಿ ಸಿಕ್ಕಿದೆ. ಅದು ತಿಂದ ಕೂಡಲೇ ಏರುವುದಿಲ್ಲ, ಹೊತ್ತು ಹಿಡಿಯುತ್ತದೆ; ಬಾಯಿ ಒಣಗಿಸುತ್ತದೆ, ಮೈ ಕಾಯಿಸುತ್ತದೆ, ಇಲ್ಲದ್ದನ್ನು ಕಾಣಿಸುತ್ತದೆ.

ನಾಗೇಂದ್ರಪ್ಪನಿಗೆ ಎಲ್ಲ ತಿರುವುಮುರುವಾಗಿ ಕಂಡಿತು. ಜೈತುನ್‌ಬೀಯ ನೀರು ಕುಡಿದು ಹಣಮಪ್ಪನಿಗೆ ವಿಷವೇರಿದ್ದಲ್ಲ. ವಿಷವೇರಿತ್ತೆಂದೇ ಅವನು ಅವಳ ನೀರಿಗೆ ಓಡಿ ಬಂದಿದ್ದ. ಮೈಯ ಉರಿ ತಣಿಸುವ ಕಲ್ಲು ಅದೊಂದೇ ಎಂದು ಎಲ್ಲರಂತೆ ಅವನೂ ನಂಬಿದ್ದ.

"ಇದನ್ನ ಅವತ್ತೇ ಯಾಕ ಹೇಳಲಿಲ್ಲ?"

"ಕೇಳಿದ್ರೇನ್ರಿ ನೀವು?"

ಅವನು ಆ ಪೆಟ್ಟನ್ನು ನುಂಗಿದ. "ಕಲ್ಲು ಬದಲಾಗ್ಯದ. ಗುರುವಾರದಕಿಂತ ಮೊದಲು ಖಣಿ ಕಡೆಯವರು ಯಾರಾದರೂ ಬಂದಿದ್ದರೇನು?"

ಹಸೀನಾಬೇಗಂ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸಿಟ್ಟಾಗಬ್ಯಾಡ್ರಿ ಸಾಬ. ಸೋಮವಾರ ಪಡದೆ ಹಾಕಿದ ಟಾಂಗಾದಾಗ ಒಬ್ಬರು ಹೆಣ್ಣುಮಗಳು ಬಂದಿದ್ರು. ಜೈತುನ್ ಆಪಾ ಕಲ್ಲು ಕೊಟ್ಟು ಬಾವಿ ಕಡೆ ಹೋದಳು. ಹೋಗುವಾಗ ಅವರು ಹೊಸ್ತಿಲಕ್ಕ ಹಣಿ ಹಚ್ಚಿ ಅತ್ತರು. 'ಬೂಬವ್ವಾ, ನಾ ಬಂದದ್ದು ನನ್ನ ತಮ್ಮ ಅಮೀನಗ ತಿಳೀಬಾರದು' ಅಂದ್ರು."

ನಾಗೇಂದ್ರಪ್ಪ ಫಟಕಡಿಯನ್ನು ಜೇಬಿಗೆ ಹಾಕಿಕೊಂಡ.

"ಓಣ್ಯಾಗ ಎಲ್ಲರಿಗೂ ಗೊತ್ತದರಿ," ಎಂದಳು ಹಸೀನಾಬೇಗಂ, ಮೆಲ್ಲಗೆ. "ನಿಮ್ಮ ಅಕ್ಕನ ಹೆಸರು ನಿಮ್ಮ ಮುಂದ ಯಾರು ಹೇಳಬೇಕು?"

ನಾಗೇಂದ್ರಪ್ಪ ಮಜೀದಸಾಬನ ಕಡೆ ತಿರುಗಿದ. ಜಮಾದಾರ ತನ್ನ ಬೂಟಿನ ತುದಿಯನ್ನೇ ನೋಡುತ್ತ ನಿಂತಿದ್ದ. ಅವನಿಗೂ ಗೊತ್ತಿತ್ತು.

*

ಹವಾಲಾತಿನಲ್ಲಿ ಜೈತುನ್‌ಬೀ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಲೆಯ ಮೇಲೆ ಹೊಸ ಓಢಣಿ ಇತ್ತು. ಮಜೀದಸಾಬ ತನ್ನ ಮನೆಯಿಂದ ತಂದುಕೊಟ್ಟದ್ದು. ಅದನ್ನು ಕೊಡಬೇಕೆಂದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಗೇಂದ್ರಪ್ಪನಿಗೆ ಈಗ ಅನ್ನಿಸಿತು.

"ಬೂಬವ್ವಾ."

"ಹೇಳ್ರಿ ಅಮೀನಸಾಬ."

ಹೋದ ವಾರದವರೆಗೂ ದಾರಿಯಲ್ಲಿ ಕಂಡರೆ "ನಾಗಪ್ಪಾ, ಬೇಟಾ, ಉಂಡೀಯೇನು?" ಎನ್ನುತ್ತಿದ್ದ ಬಾಯಿ ಅದು.

ಅವನು ಕಂಬಿಯ ಹೊರಗೆ ನೆಲದ ಮೇಲೆಯೇ ಕುಕ್ಕುರುಗಾಲಲ್ಲಿ ಕೂತ. ಫಟಕಡಿಯನ್ನು ಒಳಗೆ ಚಾಚಿದ. ಅವಳು ಅದನ್ನು ಮುಟ್ಟಲೂ ಇಲ್ಲ.

"ಇದು ನಿಂದಲ್ಲ ಅಂತ ನಿನಗ ಗೊತ್ತಿತ್ತೇನು?"

"ನನ್ನ ಕಲ್ಲು ನಂಗ ಗೊತ್ತಾಗಂಗಿಲ್ಲೇನ್ರಿ? ಮಂಗಳವಾರ ಮುಂಜಾನೆ ಹರವ್ಯಾಗ ಕೈ ಹಾಕಿದಾಗಲೇ ಗೊತ್ತಾತು."

"ಯಾಕ ಹೇಳಲಿಲ್ಲ ಮತ್ತ?"

"ಕಲ್ಲು ಕಳದದ ಅಂದ್ರ ಕಳ್ಳರನ್ನ ಹುಡುಕತಾರ. ಹುಡುಕಿದ್ರ ಯಾರದೋ ಮರ್ಯಾದಿ ಹೋಗತದ." ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ಅದೇ ಅವನಿಗೆ ಚುಚ್ಚಿತು. "ತ್ರಾಸ ಇದ್ದವರೇ ಒಯ್ದಿರತಾರ. ತ್ರಾಸ ತೀರಿದ ಮ್ಯಾಲೆ ತಂದು ಇಡತಾರ ಅಂತ ಸುಮ್ಮನಿದ್ದೆ. ಫಟಕಡಿ ನೀರಿನಿಂದ ಯಾರೂ ಸಾಯಂಗಿಲ್ಲ. ಶಿಫಾ ಕೊಡಾಂವ, ಗುಣ ಮಾಡಾಂವ ಅಲ್ಲಾ. ಕಲ್ಲು ಬರೇ ಒಂದು ನೆಪ."

ಮರ್ಯಾದೆ ಹೋಗುತ್ತದೆ. ಕಳ್ಳರ ಮರ್ಯಾದೆ ಕಾಯಲು ಇವಳು ಬಾಯಿ ಕಟ್ಟಿಕೊಂಡಿದ್ದಳು. ಇವಳ ಮರ್ಯಾದೆಯನ್ನು ಅವನು ಹಾಡಹಗಲೇ ಬಜಾರಿನಲ್ಲಿ ಕೆಡವಿದ್ದ.

"ಸೋಮವಾರ ಯಾರು ಬಂದಿದ್ದರು, ಬೂಬವ್ವಾ?"

"ಕಲ್ಲಿನ ಮುಂದ ಕುಂತವರ ಹೆಸರು ನಾ ಹೇಳಂಗಿಲ್ಲ."

"ನನಗ ಗೊತ್ತದ."

"ಗೊತ್ತಿದ್ರ ಕೇಳಬ್ಯಾಡ್ರಿ."

ಅವನು ಎದ್ದು ಬೀಗಕ್ಕೆ ಕೈ ಹಾಕಿದ. "ನೀ ಮನೀಗೆ ನಡಿ. ನಿನ್ನ ತಪ್ಪು ಏನೂ ಇಲ್ಲ."

ಆಗ ಅವಳು ಮೊದಲ ಸಲ ಅವನ ಕಡೆ ತಿರುಗಿದಳು. "ಹಂಗ ಹೋಗಂಗಿಲ್ರಿ. ಅಮೀನ ಕನಿಕರಪಟ್ಟು ಬಿಟ್ಟ, ಮುದುಕಿ ವಿಷ ಹಾಕಿದ್ದು ಖರೇನೇ ಅಂತಾರ ಜನ. ಮೊದಲು ಖರೇ ಹಿಡ್ಕೊಂಡು ಬರ್ರಿ. ಅದೇ ಬಜಾರದಾಗ ನಿಂತು ಹೇಳ್ರಿ. ಆಮ್ಯಾಲೆ ಬರ್ತೀನಿ."

ಅವಳು ಮತ್ತೆ ಗೋಡೆಗೆ ತಿರುಗಿದಳು. "ನಮ್ಮ ಕರೀಮ ಇದ್ದಿದ್ರ ಹಿಂಗಾಗ್ತಿದ್ದಿಲ್ಲ," ಎಂದಳು ತನ್ನಷ್ಟಕ್ಕೆ.

ಅಬ್ದುಲ್ ಕರೀಮ್ ಅವಳ ಒಬ್ಬನೇ ಮಗ, ಕಲ್ಯಾಣಪ್ಪನ ಖಣಿಯಲ್ಲಿ ಲೆಕ್ಕ ಬರೆಯುವ ಮುನ್ಶಿಯಾಗಿದ್ದವನು. ನಿಜಾಮನ ಆಳ್ವಿಕೆ ಮುಗಿದ ಗದ್ದಲದ ದಿನಗಳಲ್ಲಿ ಕಾಣೆಯಾದ. ಗಡಿ ದಾಟಿ ಪಾಕಿಸ್ತಾನಕ್ಕೆ ಹೋದನೆಂದು ಎಲ್ಲರೂ ಹೇಳಿದರು. ಎಂದಾದರೂ ಒಂದು ಸುದ್ದಿ ಬಂದೀತೆಂದು ಅವಳು ಮೂರು ವರ್ಷದಿಂದ ಕಾಯುತ್ತಿದ್ದಳು.

ಹೊರಗೆ ಬಂದು ನಾಗೇಂದ್ರಪ್ಪ ಜಮಾದಾರನಿಗೆ ಹೇಳಿದ, "ನಾ ಶಹಾಬಾದಿಗೆ ಹೋಗಿ ಬರ್ತೀನಿ. ಬೂಬವ್ವನ್ನ ನೋಡ್ಕೋರಿ."

"ಒಬ್ಬರೇ ಹೋಗ್ತೀರೇನ್ರಿ?"

"ಅಕ್ಕನ ಮನಿಗೆ ಹೋಗಾಕ ಜಮಾದಾರ ಯಾಕ?"

ಹಾಗೆಂದನಾದರೂ, ಜೊತೆಗೆ ಸಾಕ್ಷಿ ಬೇಡವೆಂದೇ ಒಬ್ಬನೇ ಹೊರಟದ್ದೆಂದು ಇಬ್ಬರಿಗೂ ಗೊತ್ತಿತ್ತು.

*

ಕಲ್ಯಾಣಪ್ಪನ ಮನೆಯಲ್ಲಿ ನೆಲವೂ ಫರಸಿ, ಗೋಡೆಯೂ ಫರಸಿ, ಮಾಳಿಗೆಯೂ ಫರಸಿ. ಬೇಸಿಗೆಯಲ್ಲೂ ಒಳಗೆ ತಂಪು. ಬಾಗಿಲಲ್ಲಿ ಅವನು ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ ಜೀಪು ನಿಂತಿತ್ತು.

ಸೂಗಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಮ್ಮನನ್ನು ಕಂಡು ಮುಖ ಅರಳಿತು. ಅವನ ಮುಖ ಕಂಡು ಬಾಡಿತು.

"ಬಾ ತಮ್ಮಾ, ಕೂಡು. ಚಾ ಮಾಡ್ಲೇನು?"

"ಭಾವ ಎಲ್ಲಿ?"

"ಮ್ಯಾಲೆ ಮಲಗ್ಯಾರ. ರಾತ್ರಿ ನಿದ್ದಿ ಇಲ್ಲಲ್ಲ ಅವರಿಗೆ. ಮೂರು ವರ್ಷ ಆತು, ಕಣ್ಣು ಹತ್ತಿದ್ರ ಸಾಕು, ಚಿಟ್ಟನ ಚೀರಿ ಏಳತಾರ."

ನಾಗೇಂದ್ರಪ್ಪ ಫಟಕಡಿಯನ್ನು ಅವಳ ಮೊರದೊಳಗೆ, ಜೋಳದ ಮೇಲೆ ಇಟ್ಟ.

"ಇದು ನಿಮ್ಮ ಪೀಪಾಯಿದು. ಆ ಕಲ್ಲು ಎಲ್ಲದ?"

ಅವಳ ಕೈ ನಿಂತಿತು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಹಿಟ್ಟಿನ ಡಬ್ಬಿ ತೆರೆದ ಸದ್ದಾಯಿತು. ಮರಳಿ ಬಂದು ಹಿಟ್ಟು ಮೆತ್ತಿದ ಉಂಡೆಯೊಂದನ್ನು ಸೆರಗಿನಿಂದ ಒರೆಸಿದಳು. ಒಂದೊಂದೇ ಮುಖ ಹೊರಬಂತು. ಕಿಟಕಿಯ ಬೆಳಕು ಕಲ್ಲಿನೊಳಗೆ ಹೊಕ್ಕು ಅವಳ ಅಂಗೈಯ ಗೆರೆಗಳ ಮೇಲೆ ಬಿತ್ತು.

"ಕದ್ದಿಲ್ಲೋ ತಮ್ಮಾ. ಕಡ ತಂದಿದ್ದೆ. ಎರಡು ದಿನ ಅವರ ಕೈಯಾಗ ಕೊಟ್ಟು, ತಿರುಗಿ ಇಟ್ಟುಬರೋಣ ಅಂದ್ಕೊಂಡಿದ್ದೆ. ಅವರು ಬೂಬವ್ವನ ಹೊಸ್ತಿಲಾ ತುಳಿಯಂಗಿಲ್ಲ ಅಂದ್ರು. ಅದಕ್ಕ ಕಲ್ಲನ್ನೇ ಇಲ್ಲಿಗೆ ತಂದೆ."

"ತಿರುಗಿ ಯಾಕ ಇಡಲಿಲ್ಲ?"

"ಇಡಾಕ ಹೋದ್ರ ಬೂಬವ್ವನ ಮಾರಿ ನೋಡಬೇಕಲ್ಲ."

"ಆಕಿನ್ನ ನಾ ಬಜಾರದಾಗ ನಡಿಸಿಕೊಂಡು ಹೋದೆ, ಅಕ್ಕಾ! ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು. ಅವತ್ತಿನಿಂದ ಅನ್ನ ಗಂಟಲಾಗ ಇಳಿದಿಲ್ಲ."

"ಬಂದು ಒಂದು ಮಾತು ಹೇಳಬಾರದಿತ್ತೇನು?"

ಸೂಗಮ್ಮ ಈಗ ಅವನನ್ನು ನೇರವಾಗಿ ನೋಡಿದಳು. "ಹೇಳಿದ್ರ ನೀ ಕೇಳ್ತಿದ್ದೇನು? ಅವತ್ತು ನಿನಗ ಯಾರೋ ಒಬ್ಬರು ಬೇಕಾಗಿದ್ರು. ನಾ ಸುಮ್ಮನಿದ್ದೆ, ನೀ ಅವಸರ ಮಾಡಿದಿ. ಇಬ್ಬರೂ ಕೂಡಿ ಮುದುಕಿನ್ನ ಒಳಗ ಹಾಕಿದ್ವಿ."

ನಾಗೇಂದ್ರಪ್ಪ ಇಷ್ಟು ವರ್ಷ ಎಷ್ಟೋ ಜನರನ್ನು ಎದುರಿಗೆ ಕೂರಿಸಿಕೊಂಡು ಗದರಿಸಿ ಸತ್ಯ ಹೊರಡಿಸಿದ್ದ. ಇಲ್ಲಿ ಗದರಿಸುವ ಯೋಗ್ಯತೆ ತನಗಿಲ್ಲವೆನಿಸಿತು. ಅವನು ಅವಳ ಪಕ್ಕದಲ್ಲಿ ನೆಲಕ್ಕೆ ಕೂತ.

"ಭಾವ ಈ ಕಲ್ಲಿಗೆ ಏನು ಹೇಳಿದ?"

"ಕಲ್ಲಿಗೆ ಹೇಳಿದ್ದು ಕೇಳಬಾರದು."

"ನೀ ಕೇಳೀಯಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತು ಸೆರಗಿನೊಳಗಿಂದ ಬಂತು. "ಬಾಗಿಲ ಹಿಂದ ನಿಂತಿದ್ದೆ. ಗದ್ದಲದಾಗ ಕರೀಮ ಓಡಿ ಬಂದು ನಮ್ಮ ಖಣಿ ಖೋಲಿ ಬಾಗಿಲ ಬಡಿದನಂತ. 'ಕಲ್ಯಾಣಪ್ಪ ಧಣಿ, ಬಾಗಿಲ ತೆರೀರಿ' ಅಂತ ಹೆಸರು ಹಿಡಿದು ಕೂಗಿದನಂತ. ಇವರು ಒಳಗ ಅಗಳಿ ಹಾಕ್ಕೊಂಡು ಕುಂತಿದ್ರು. ಹೊರಗ ಮಂದಿ ಅವನ್ನ… ಆಮ್ಯಾಲೆ ಹಣಮಪ್ಪನ್ನ ಕರಕೊಂಡು ಹೋಗಿ, ಹೆಣಕ್ಕ ಫರಸಿ ಕಟ್ಟಿ, ಹಳೇ ಹೊಂಡದಾಗ ಬಿಟ್ರಂತ."

ನೀರಾಗಿಂದ ಏಳಬ್ಯಾಡೋ.

ನಾಗೇಂದ್ರಪ್ಪ ಕಣ್ಣು ಮುಚ್ಚಿಕೊಂಡ. ಮೂರು ವರ್ಷದಿಂದ ಮಗನ ದಾರಿ ಕಾಯುತ್ತಿದ್ದ ಮುದುಕಿಯ ಮನೆಗೆ ಹೋಗಿ, ಅವಳ ಕಲ್ಲನ್ನೇ ತಂದು, ಆ ಕಲ್ಲಿಗೇ ಅವಳ ಮಗನ ಸಾವನ್ನು ಹೇಳಿಸಿದ್ದಳು ಅವನ ಅಕ್ಕ. ಹೊಸ್ತಿಲು ತುಳಿಯಲು ಕಲ್ಯಾಣಪ್ಪ ಯಾಕೆ ಒಪ್ಪಲಿಲ್ಲವೆಂದು ಈಗ ತಿಳಿಯಿತು.

"ಕಲ್ಲು ಮಬ್ಬಾತು, ತಮ್ಮಾ," ಎಂದಳು ಸೂಗಮ್ಮ ಪಿಸುಮಾತಿನಲ್ಲಿ. "ಅವರು ಹೇಳಿ ಮುಗಿಸಿದಾಗ ನಾ ನೋಡಿದೆ. ಬೆವರಿಂದ ಮಬ್ಬಾತೋ, ಏನೋ. ಒರಸಿದ ಮ್ಯಾಲೆ ತಿಳಿ ಆತು. ಖರೇ ಎಲ್ಲಾ ಹೇಳಿಲ್ಲೇನೋ ಅಂತ ನನಗ ಅವತ್ತಿನಿಂದ ಸಂಶೇ."

ಆ ಮಾತು ಅವನಲ್ಲಿದ್ದ ಪೊಲೀಸನನ್ನು ಎಬ್ಬಿಸಿತು. ಕಲ್ಲು ಮಬ್ಬಾಗುವುದನ್ನು ಅವನು ನಂಬಲಿ ಬಿಡಲಿ, ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಅಂಜಿಕೆಯಿಂದ ಬಾಗಿಲು ತೆರೆಯದಿದ್ದುದು ಪಾಪ. ಆದರೆ ಅದಕ್ಕೆ ನೇಣಿಲ್ಲ. ಅಷ್ಟೇ ಆಗಿದ್ದರೆ, ಅದನ್ನು ಬಲ್ಲ ಹಣಮಪ್ಪನ ಬಾಯಿ ಮುಚ್ಚಿಸುವ ಅಗತ್ಯ ಯಾರಿಗಿತ್ತು?

"ಅಕ್ಕಾ, ಗುರುವಾರ ಮುಂಜಾನೆ ಹಣಮಪ್ಪ ಎಲ್ಲಿದ್ದ?"

"ಇಲ್ಲೇ. ಇದೇ ಪಡಸಾಲ್ಯಾಗ. ಅವರಿಬ್ಬರದೂ ಏನೋ ಮಾತು ನಡದಿತ್ತು. ಹಣಮಪ್ಪ ಅಳಾಕತ್ತಿದ್ದ. 'ಧಣಿ, ನಂಗ ತಡಿಯಾಕ ಆಗವಲ್ದು, ಬೂಬವ್ವಗ ಎಲ್ಲಾ ಹೇಳಿಬಿಡ್ತೀನಿ' ಅಂತಿದ್ದ."

"ಉಂಡನೇನು?"

"ನಾನೇ ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ."

"ಕುಡಿಯಾಕ?"

"ಮಜ್ಜಿಗಿ. ಅದನ್ನ ಅವರೇ ಒಳಗ ಹೋಗಿ…"

ಅವಳ ಮಾತು ಅಲ್ಲೇ ನಿಂತಿತು. ಮದುವೆಯಾದಂದಿನಿಂದ ಒಂದು ತಂಬಿಗೆ ನೀರನ್ನೂ ತಾನಾಗಿ ತೆಗೆದುಕೊಳ್ಳದ ಗಂಡ ಅಂದು ಅಡುಗೆಮನೆಗೆ ಹೋಗಿ, ಆಳಿಗೆ ತನ್ನ ಕೈಯಾರೆ ಮಜ್ಜಿಗೆ ತಂದುಕೊಟ್ಟಿದ್ದ. ಅಂದು ಅದು ಅವಳಿಗೆ ದೊಡ್ಡತನವಾಗಿ ಕಂಡಿತ್ತು. ಕಲ್ಲು ಅವನನ್ನು ಮೆತ್ತಗೆ ಮಾಡಿತೆಂದು ಒಳಗೊಳಗೇ ಹಿಗ್ಗಿದ್ದಳು.

"ಶಿವನೇ," ಎಂದಳು. "ನನ್ನ ಮನ್ಯಾಗ. ನಾ ಬಡಿಸಿದ ಎಲಿ ಮುಂದ."

ಮೇಲೆ, ಅಟ್ಟಣಿಗೆಯ ಮೆಟ್ಟಿಲಿನಲ್ಲಿ, ಹಲಗೆ ಕಿರ್ರೆಂದಿತು.

ಇಬ್ಬರೂ ತಲೆಯೆತ್ತಿದರು. ಯಾರೂ ಕಾಣಲಿಲ್ಲ. ನಾಗೇಂದ್ರಪ್ಪ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಹಾಸಿಗೆ ಖಾಲಿ, ಹಿಂದಿನ ಫರಸಿ ಮೆಟ್ಟಿಲಿಗೆ ತೆರೆಯುವ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಬೀದಿಯಲ್ಲಿ ಜೀಪು ಗುರ್ರೆಂದಿತು. ಕಿಟಕಿಗೆ ಧಾವಿಸಿದಾಗ ಕಂಡದ್ದು ಧೂಳು ಮಾತ್ರ.

ಕೆಳಗೆ ಬಂದಾಗ ಸೂಗಮ್ಮ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಒಯ್ಯಿ. ಬೂಬವ್ವಗ ಕೊಡು. ಯಾರು ಒಯ್ದಿದ್ರು ಅಂತ ಹೇಳು. ನನ್ನ ಹೆಸರು ಮುಚ್ಚಬ್ಯಾಡ."

"ನಿನ್ನ ಸಂಸಾರ ಏನಾಗತದ ಗೊತ್ತದೇನು?"

"ಗೊತ್ತದ. ನಡಿ."

*

ಶಹಾಬಾದ ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿ ಎಷ್ಟು ಹೊತ್ತಾದರೂ ಅಲುಗಲಿಲ್ಲ. ಮುಂದೆ ಮಾಲುಗಾಡಿ ಹೋಗಬೇಕಂತೆ. ನಾಗೇಂದ್ರಪ್ಪ ಒಂದೇ ಡಬ್ಬಿಯಲ್ಲಿ ಏಳು ಸಲ ಎದ್ದ, ಏಳು ಸಲ ಕೂತ.

ಅಂಗಿಯೊಳಗೆ ಎದೆಗೆ ತಾಗಿ ಸ್ಫಟಿಕವಿತ್ತು. ಅಷ್ಟು ಹೊತ್ತು ಮೈಗೆ ಒತ್ತಿಕೊಂಡಿದ್ದರೂ ಅದು ಬೆಚ್ಚಗಾಗಲೊಲ್ಲದು. ಡಬ್ಬಿಯಲ್ಲಿ ಅವನೊಬ್ಬನೇ. ಕಲ್ಲು ತೆಗೆದು ಎರಡೂ ಕೈಯಲ್ಲಿ ಹಿಡಿದ. ಹೇಳಲು ಮಾತಿತ್ತು, ಅಂದು ಬಜಾರಿನಲ್ಲಿ ಆಡಿದ ಎರಡೇ ಮಾತು. ತುಟಿಯವರೆಗೆ ಬಂದವು, ಹೊರಗೆ ಬೀಳಲಿಲ್ಲ. ಇದನ್ನು ಕಲ್ಲಿಗೆ ಹೇಳಿ ಹಗುರಾಗುವ ಹಕ್ಕು ತನಗಿಲ್ಲ, ಬೂಬವ್ವನಿಗೇ ಹೇಳಬೇಕು, ಅದೂ ನಾಲ್ಕು ಜನರ ಎದುರು, ಎಂದುಕೊಂಡು ಅದನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡ.

ವಾಡಿಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಬಜಾರಿನಲ್ಲಿ ಇನ್ನೂ ಜನವಿತ್ತು. ಒಳ್ಳೆಯದೇ ಆಯಿತು. ಇದೇ ಜನರ ನಡುವೆ ಅವಳನ್ನು ಕರೆತರುವೆ. ಈ ಪಾನಪಟ್ಟಿಯ ಮುಂದೆ ನಿಲ್ಲುವೆ. ಅಕ್ಕನ ಹೆಸರನ್ನೂ ಭಾವನ ಹೆಸರನ್ನೂ ನನ್ನ ಬಾಯಿಂದಲೇ ಹೇಳುವೆ. ಕಲ್ಯಾಣಪ್ಪ ಎಷ್ಟು ದೂರ ಓಡಿಯಾನು? ಅವನನ್ನು ನಾಳೆ ಹಿಡಿದರೂ ಆದೀತು.

ಆ ಎಣಿಕೆಯಲ್ಲೇ ಅವನು ಠಾಣೆಯ ಮೆಟ್ಟಿಲು ಹತ್ತಿದ.

ಹವಾಲಾತಿನ ಬಾಗಿಲು ತೆರೆದಿತ್ತು. ಒಳಗೆ ನೀರಿನ ತಂಬಿಗೆ ಒಂದೇ ಇತ್ತು.

ಮಜೀದಸಾಬ ನಗುತ್ತ ಎದುರು ಬಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗೆ ಕಂಡಿತ್ತು.

"ಭಾಳ ಛಲೋ ಕೆಲಸ ಮಾಡಿದ್ರಿ ಸಾಹೇಬ. ಅಲ್ಲಾ ನಿಮಗ ಒಳ್ಳೇದು ಮಾಡ್ಲಿ."

"ಬೂಬವ್ವ ಎಲ್ಲಿ?"

"ಅಂದ್ರ? ನೀವೇ ಕಳಿಸಿದ್ರಲ್ರಿ! ನಿಮ್ಮ ಭಾವನೋರು ಜೀಪು ತಗೊಂಡು ಬಂದಿದ್ರು. ಅಮೀನಸಾಬ ಹೇಳ್ಯಾರ, ಮುದುಕಿನ್ನ ಬಿಡ್ರಿ, ನಾ ಮನಿಗೆ ಮುಟ್ಟಸ್ತೀನಿ ಅಂದ್ರು. ನಿಮ್ಮ ಮನಿಯವರೇ ಬಂದ ಮ್ಯಾಲೆ ನಾ ಹೆಂಗ ಇಲ್ಲ ಅನ್ನಲಿ?"

ನಾಗೇಂದ್ರಪ್ಪ ಕಂಬಿ ಹಿಡಿದುಕೊಂಡ. "ಖರೇ ಗೊತ್ತಾಗೋ ತನಕ ಆಕಿ ಬರಂಗಿಲ್ಲ ಅಂದಿದ್ದಳಲ್ಲ!"

"ಮೊದಲು ಹಂಗೇ ಅಂದಳ್ರಿ. ಹಣಮಪ್ಪ ಸಾಯೋ ಮುಂದ ಏನರ ಹೇಳಿದನೇನು ಅಂತ ಭಾವನೋರು ಕೇಳಿದ್ರು, ಆಕಿ ಬಾಯಿ ಬಿಡಲಿಲ್ಲ. ಆಮ್ಯಾಲೆ ಭಾವನೋರು ಕಂಬಿ ಹತ್ರ ಹೋಗಿ ಒಂದು ಮಾತು ಹೇಳಿದ್ರು ನೋಡ್ರಿ… ಮುದುಕಿ ಚಪ್ಪಲಿ ಸುದ್ದಾ ಹಾಕ್ಕೊಳ್ಳದ ಓಡಿದಳು."

"ಏನು ಹೇಳಿದ?"

ಅಮೀನನ ಮುಖ ನೋಡುತ್ತ ಮಜೀದಸಾಬನ ನಗೆ ಮೆಲ್ಲಗೆ ಆರಿತು.

"'ನಿನ್ನ ಮಗ ಸಿಕ್ಕಾನ. ನಡಿ, ತೋರಸ್ತೀನಿ' ಅಂದ್ರು."